ಸೈಕಲ್ ಸವಾರನ ಮೂರಡಿ ದಾರಿ

(ನಮ್ಮ ಸಂಘದ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ತಿಂಗಳ ಕೂಟದಲ್ಲಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಸಾಹಿತ್ಯವನ್ನೋ ಇತಿಹಾಸವನ್ನೋ ಕುರಿತು ಹೇಳಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ನಾನು ಆರಿಸಿಕೊಂಡದ್ದು ಬಹಳ ಸಾಮಾನ್ಯವಾದ ವಿಷಯ. ನಮ್ಮಲ್ಲಿ ಹಲವರು ದಿನಕ್ಕೆರಡು ಸಲ ಸೈಕಲ್ ತುಳಿದು ಹೋಗಿಬರುವ ದಾರಿಗೆ ಅಡ್ಡ ನಿಲ್ಲುವ ಗಾಡಿ, ಮಣ್ಣು, ಕಲ್ಲುಗಳ ವಿಷಯ. ಇಷ್ಟು ಸಣ್ಣ ಸಂಗತಿಗೆ ಒಂದು ಭಾಷಣ ಬೇಕೇ ಎಂದು ತಮಗೆ ಅನ್ನಿಸಬಹುದು. ಸಂಗತಿ ಸಣ್ಣದಲ್ಲ, ಅದರ ಮೇಲೆ ಜೀವ ನಿಂತಿದೆ, ಎಂಬುದೇ ನನ್ನ ಅರಿಕೆ.

ಈ ವಾಚನಾಲಯದ ಹೊರಗೆ ಸಂಜೆ ಹೊತ್ತು ನಿಂತಿರುವ ಸೈಕಲ್ಲುಗಳನ್ನು ಎಣಿಸಿದರೆ ನಮ್ಮ ಸದಸ್ಯರ ಕಸುಬುಗಳ ಪಟ್ಟಿಯೇ ಸಿಗುತ್ತದೆ. ರಾತ್ರಿ ಪಾಳಿಯ ಕಾವಲುಗಾರರು, ಕಚೇರಿಗಳಲ್ಲಿ ಚಹಾ ಕೊಡುವವರು, ತೋಟ ನೋಡಿಕೊಳ್ಳುವವರು, ಮುಂಜಾನೆ ಹಾಲು ಪತ್ರಿಕೆ ಹಾಕುವವರು, ಗಾರೆ ಕೆಲಸದವರು, ಬಡಗಿಗಳು, ಗುಮಾಸ್ತರು. ರಾಯಚೂರು, ಯಾದಗಿರಿ, ಕಲಬುರಗಿ, ಬೀದರ ಕಡೆಯವರೇ ಹೆಚ್ಚು. 1956ರ ನವೆಂಬರ್ ಒಂದರ ವರೆಗೆ ಆ ಸೀಮೆಗೆಲ್ಲ ಹೈದರಾಬಾದೇ ರಾಜಧಾನಿಯಾಗಿತ್ತು. ರಾಜ್ಯ ಬೇರೆಯಾಯಿತು, ಹೊಟ್ಟೆಪಾಡಿನ ದಾರಿ ಹಾಗೇ ಉಳಿಯಿತು. ಊರಿನಿಂದ ಇಲ್ಲಿಯ ವರೆಗೆ ರೈಲೋ ಬಸ್ಸೋ ತಂದುಬಿಡುತ್ತದೆ. ಬಾಡಿಗೆ ಕೋಣೆಯಿಂದ ಕೆಲಸದ ಬಾಗಿಲಿನ ವರೆಗೆ ಇರುವ ಮೂರು ನಾಲ್ಕು ಮೈಲಿಗೆ ಸೈಕಲ್ಲೇ ಗತಿ. ನಸುಕಿನ ನಾಲ್ಕು ಗಂಟೆಗೆ ಪಾಳಿ ಬದಲಾಗುವವನಿಗೆ ಮೆಟ್ರೋ ಸಿಕ್ಕದು. ದಿನಾ ಆಟೋಕ್ಕೆ ಕೊಟ್ಟರೆ ಸಂಬಳದಲ್ಲಿ ಊರಿಗೆ ಕಳಿಸಲು ಏನೂ ಮಿಗದು.

ಸೈಕಲ್ ಹಳೆಯ ಕಾಲದ ವಸ್ತು, ಈಗ ಯಾರು ತುಳಿಯುತ್ತಾರೆ ಎಂದು ಕೇಳುವವರಿದ್ದಾರೆ. 2011ರ ಜನಗಣತಿಯಲ್ಲಿ ಮನೆಯ ಸಾಮಾನುಗಳ ಲೆಕ್ಕವನ್ನೂ ತೆಗೆದರು. ದೇಶದ ನೂರು ಮನೆಗಳಲ್ಲಿ ಸುಮಾರು 45ರಲ್ಲಿ ಸೈಕಲ್ ಇತ್ತು. ಸ್ಕೂಟರ್, ಮೋಟಾರ್ ಸೈಕಲ್ ಇದ್ದದ್ದು 21 ಮನೆಗಳಲ್ಲಿ. ಕಾರು ಇದ್ದದ್ದು ಐದಕ್ಕೂ ಕಡಿಮೆ ಮನೆಗಳಲ್ಲಿ. ಆಮೇಲೆ ಈ ಅಂಕಿಗಳು ಬದಲಾಗಿರುತ್ತವೆ, ಅದು ಬೇರೆ ಮಾತು. ಆದರೆ ರಸ್ತೆಯನ್ನು ಅಳೆದು ಹಂಚಿದವರು ಆ ಕಾಲಕ್ಕೂ ಐದು ಮನೆಯವರನ್ನು ಕಣ್ಣಮುಂದೆ ಇಟ್ಟುಕೊಂಡೇ ಹಂಚಿದರು. 45 ಮನೆಯವರಿಗೆ ಉಳಿದದ್ದು ಅಂಚು.

ಮಾದಾಪುರದಲ್ಲಿ ಇದು ಎದ್ದು ಕಾಣುತ್ತದೆ. 1998ರ ನವೆಂಬರಿನಲ್ಲಿ ಸೈಬರ್ ಟವರ್ಸ್ ಕಟ್ಟಡ ಪ್ರಾರಂಭವಾಯಿತು. ಅಲ್ಲಿಂದೀಚೆಗೆ ಕಲ್ಲುಬಂಡೆಗಳ ಈ ಪ್ರದೇಶ ಗಾಜಿನ ಕಟ್ಟಡಗಳ ಪೇಟೆಯಾಯಿತು. 2019ರ ಮಾರ್ಚಿನಲ್ಲಿ ಮೆಟ್ರೋ ರೈಲು ಹೈಟೆಕ್ ಸಿಟಿಯ ವರೆಗೂ, ಅದೇ ವರ್ಷದ ನವೆಂಬರಿನಲ್ಲಿ ರಾಯದುರ್ಗದ ವರೆಗೂ ಬಂತು. 2020ರ ಸೆಪ್ಟೆಂಬರಿನಲ್ಲಿ ದುರ್ಗಂ ಚೆರುವಿನ ಮೇಲಿನ ಕೇಬಲ್ ಸೇತುವೆ ತೆರೆಯಿತು. ಎಲ್ಲವೂ ಸಂತೋಷದ ವಿಷಯವೇ. ಈ ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿ ರಸ್ತೆ ಅಗಲವಾದಾಗಲೆಲ್ಲ ನಡುಭಾಗ ಅಗಲವಾಯಿತು. ಸೈಕಲ್ ಸವಾರನ ದಾರಿಯೆಂದರೆ ಇಂದಿಗೂ ಎಡಗಡೆಯ ಅಂಚೇ.

ಸೈಕಲ್ಲಿಗೆಂದೇ ದಾರಿ ಹೈದರಾಬಾದಿನಲ್ಲಿ ಇಲ್ಲವೇ ಎಂದರೆ, ಇದೆ. 2023ರ ಅಕ್ಟೋಬರ್ ಒಂದರಂದು ಹೊರ ವರ್ತುಲ ರಸ್ತೆಯ ಪಕ್ಕದಲ್ಲಿ 23 ಕಿಲೋಮೀಟರಿನ ದಾರಿಯೊಂದನ್ನು ತೆರೆದರು. ಒಂದು ಕವಲು ನಾನಕ್‌ರಾಮ್‌ಗುಡದಿಂದ ಪೊಲೀಸ್ ಅಕಾಡೆಮಿಯ ಕಡೆಗೆ, ಇನ್ನೊಂದು ನಾರ್ಸಿಂಗಿಯಿಂದ ಕೊಲ್ಲೂರಿನ ಕಡೆಗೆ. ಅಗಲ ನಾಲ್ಕೂವರೆ ಮೀಟರು. ಮೇಲೆ ಬಿಸಿಲಿನಿಂದ ವಿದ್ಯುತ್ತು ಮಾಡುವ ಫಲಕಗಳ ಚಾವಣಿ, ಅದರಿಂದ 16 ಮೆಗಾವಾಟ್ ವಿದ್ಯುತ್ತು ಎಂದು ಯೋಜನೆ. ದೇಶವೇ ನೋಡಿ ಮೆಚ್ಚುವಂಥ ಕೆಲಸ, ನಾನು ಅದನ್ನು ಹೀಗಳೆಯುವುದಿಲ್ಲ. ಆದರೆ ಅದು ಆರೋಗ್ಯಕ್ಕಾಗಿ ತುಳಿಯುವವರ ದಾರಿ. ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಬಂದು, ಒಂದು ಸುತ್ತು ತುಳಿದು, ಮತ್ತೆ ಕಾರಿಗೆ ಕಟ್ಟಿಕೊಂಡು ಹೋಗುವವರನ್ನು ಅಲ್ಲಿ ಕಾಣಬಹುದು. ನಮ್ಮ ಕಾವಲುಗಾರರಿಗೆ ಕೆಲಸ ಇರುವುದು ಆ ಕಡೆಯಲ್ಲಿ ಅಲ್ಲ. ಅಯ್ಯಪ್ಪ ಸೊಸೈಟಿಯಿಂದ ಹೈಟೆಕ್ ಸಿಟಿಗೆ ಹೋಗುವವನಿಗೆ ಕೊಲ್ಲೂರಿನ ನೆರಳು ಬಂದು ಮುಟ್ಟುವುದಿಲ್ಲ.

ಹಾಗಾದರೆ ಎಡಗಡೆಯ ಅಂಚಾದರೂ ನಮಗೆ ಸಿಕ್ಕಿದೆಯೇ? ಬೆಳಗಿನ ಎಂಟರ ಹೊತ್ತಿಗೆ ಒಂದು ಮೈಲಿ ನಡೆದು ನೋಡಿದರೆ ಸಾಕು. ಮೊದಲು ಸಿಗುವುದು ನಿಲ್ಲಿಸಿದ ಕಾರುಗಳ ಸಾಲು. ಕಟ್ಟಡದ ಕೆಳಗೆ ಕಾರಿಗೆಂದು ಬಿಡಬೇಕಾದ ಜಾಗದಲ್ಲಿ ಅಂಗಡಿ ಬಂದಿದೆ, ಆದ್ದರಿಂದ ಕಾರು ರಸ್ತೆಗೆ ಬಂದಿದೆ. ಅದರ ಮುಂದೆ ಬಾಡಿಗೆ ಕಾರುಗಳು, ಕರೆ ಬರುವ ವರೆಗೆ ಎಂಜಿನ್ ಆರಿಸಿ ಕಾಯುತ್ತಿರುತ್ತವೆ. ಊಟ ತಲುಪಿಸುವ ಹುಡುಗರ ಮೋಟಾರ್ ಸೈಕಲ್ಲುಗಳು ಹೋಟೆಲಿನ ಅಡಿಗೆಮನೆಯ ಮುಂದೆ ಅಡ್ಡಾದಿಡ್ಡಿ ನಿಂತಿರುತ್ತವೆ. ಹಾಸ್ಟೆಲುಗಳ ಮುಂದೆ ನೀರಿನ ಟ್ಯಾಂಕರು, ಅದರ ರಬ್ಬರ್ ಕೊಳವೆ ಹಾವಿನ ಹಾಗೆ ದಾರಿಗೆ ಅಡ್ಡ. ಮನೆ ಕಟ್ಟುವಲ್ಲಿ ಮರಳು, ಜಲ್ಲಿ, ಒಡೆದ ಇಟ್ಟಿಗೆ. ಜಲ್ಲಿಯ ರಾಶಿಯನ್ನಾದರೂ ಕಣ್ಣು ಕಾಣುತ್ತದೆ. ರಾಶಿ ಎತ್ತಿದ ಮೇಲೆ ಉಳಿದ ನಾಲ್ಕು ಹಿಡಿ ಮರಳು ಕಾಣುವುದಿಲ್ಲ, ಚಕ್ರ ಜಾರುವುದು ಅಲ್ಲಿಯೇ. ಚರಂಡಿಯ ಮೇಲಿನ ಕಬ್ಬಿಣದ ಜಾಲರಿಯ ಸಂದು ರಸ್ತೆಯ ಉದ್ದಕ್ಕೇ ಇದ್ದರೆ ಸೈಕಲ್ಲಿನ ತೆಳು ಚಕ್ರ ಅದರೊಳಗೆ ಇಳಿದೇ ಬಿಡುತ್ತದೆ. ಅಗೆದು ಮುಚ್ಚದ ಗುಂಡಿ, ತಿರುವಿನಲ್ಲಿ ಕಸದ ಗುಡ್ಡೆ. ಇವೆಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಎದುರಿನಿಂದ ರಾಂಗ್ ರೂಟಿನಲ್ಲಿ ಬರುವ ಸ್ಕೂಟರು. ಅತ್ತ ದರಿ, ಇತ್ತ ಪುಲಿ ಎಂಬ ಗಾದೆಯನ್ನು ನಮ್ಮ ಸವಾರ ದಿನವೂ ತುಳಿಯುತ್ತಾನೆ.

ಒಂದು ಕಾರು ನಿಂತಿದ್ದರೆ ಏನಾಯಿತು, ಸುತ್ತಿಕೊಂಡು ಹೋದರಾಯಿತು ಎಂದು ಕಾರಿನವರು ಹೇಳುತ್ತಾರೆ. ನಾನು ಗಿರಣಿಯಲ್ಲಿ ಮೂಟೆಗಳ ಲೆಕ್ಕ ಬರೆಯುವ ಗುಮಾಸ್ತ. ಆದ್ದರಿಂದ ಇದನ್ನೂ ಲೆಕ್ಕ ಹಾಕಿ ನೋಡೋಣ.

ಸೈಕಲ್ಲಿನ ಹ್ಯಾಂಡಲ್ ಸುಮಾರು ಅರ್ಧ ಮೀಟರು ಅಗಲ. ಎರಡು ಪಕ್ಕಕ್ಕೂ ಕಾಲು ಕಾಲು ಮೀಟರು ಓಲಾಡಲು ಬೇಕು. ಒಟ್ಟು ಒಂದು ಮೀಟರು, ನಮ್ಮ ಹಳೆಯ ಅಳತೆಯಲ್ಲಿ ಮೂರಡಿಗಿಂತ ಸ್ವಲ್ಪ ಹೆಚ್ಚು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಎಂಜಿನಿಯರುಗಳ ಸಂಸ್ಥೆ ಸೈಕಲ್ ದಾರಿ ಹೇಗಿರಬೇಕೆಂದು 1962ರಲ್ಲಿಯೇ ಒಂದು ಪುಸ್ತಿಕೆ ಹೊರಡಿಸಿತು. ಅದರ ಲೆಕ್ಕವೂ ಇದೇ. ಈಗ ಅಂಚಿನಲ್ಲಿ ಒಂದು ಕಾರು ನಿಂತಿದೆಯೆನ್ನಿ. ಅದರ ಉದ್ದ ನಾಲ್ಕು ಮೀಟರು. ಅದಕ್ಕೆ ತಗಲದಂತೆ ಮೊದಲೇ ಹೊರಗೆ ಸರಿದು, ದಾಟಿ, ಮತ್ತೆ ಒಳಗೆ ಬರಲು ಸವಾರ ಸುಮಾರು 12 ಮೀಟರು ದೂರವನ್ನು ಮೋಟಾರುಗಳ ನಡುವೆ ಸಾಗಬೇಕು. ಗಂಟೆಗೆ 12 ಕಿಲೋಮೀಟರು ವೇಗದವನಿಗೆ ಅದಕ್ಕೆ ಮೂರೂವರೆ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತಿನಲ್ಲಿ ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಹಿಂದಿನಿಂದ ಬರುವ ಕಾರು 50 ಮೀಟರು ಕ್ರಮಿಸುತ್ತದೆ. ಅಂದರೆ ಸವಾರ ಹೊರಗೆ ಸರಿದಾಗ ಕಣ್ಣಿಗೂ ಬೀಳದಷ್ಟು ದೂರವಿದ್ದ ಕಾರು, ಅವನು ಒಳಗೆ ಬರುವ ಮೊದಲೇ ಬೆನ್ನಿಗೆ ಬಂದಿರುತ್ತದೆ. ಒಂದು ಮೈಲಿಯಲ್ಲಿ ಇಪ್ಪತ್ತು ಕಾರು ನಿಂತಿದ್ದರೆ ಇದು ಇಪ್ಪತ್ತು ಸಲ. ಹೋಗುವಾಗ ಇಪ್ಪತ್ತು, ಬರುವಾಗ ಇಪ್ಪತ್ತು. ತಿಂಗಳಿಗೆ ಇಪ್ಪತ್ತಾರು ದಿನ.

ಇನ್ನು ಕಾರಿಗೆ ತೀರ ಹತ್ತಿರದಲ್ಲೇ ಹೋಗೋಣವೆಂದರೆ ಒಳಗಿದ್ದವರು ಹಿಂದೆ ನೋಡದೆ ಬಾಗಿಲು ತೆರೆಯುತ್ತಾರೆ. ತೆರೆದ ಬಾಗಿಲು ಹೆಚ್ಚುಕಡಿಮೆ ಮೂರಡಿ ಹೊರಗೆ ಬರುತ್ತದೆ. ನಮ್ಮ ಪಾಲಿನ ಮೂರಡಿ ಅದೇ.

ಈ ಲೆಕ್ಕದ ಕೊನೆಯ ಮೊತ್ತ ಎಲ್ಲಿಗೆ ಹೋಗುತ್ತದೆ? 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರದ ರಸ್ತೆ ಸಾರಿಗೆ ಇಲಾಖೆ ಲೆಕ್ಕ ಕೊಟ್ಟಿತು. ಅವರಲ್ಲಿ ಮೂವತ್ತೆರಡು ಸಾವಿರಕ್ಕೂ ಹೆಚ್ಚು ಜನ ಕಾಲ್ನಡಿಗೆಯವರು. ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಜನ ಸೈಕಲ್ ಸವಾರರು. ಸತ್ತವರ ಲೆಕ್ಕವಾದರೂ ಪುಸ್ತಕಕ್ಕೆ ಬರುತ್ತದೆ. ಮೊಣಕಾಲು ಮುರಿದು ಎರಡು ತಿಂಗಳು ಮಲಗಿದವನು, ಆ ಎರಡು ತಿಂಗಳ ಸಂಬಳ, ಅಷ್ಟರಲ್ಲಿ ಅವನ ಜಾಗಕ್ಕೆ ಬಂದ ಬೇರೆ ಕಾವಲುಗಾರ, ಊರಿನಲ್ಲಿ ಹೆಂಡತಿ ಎತ್ತಿದ ಸಾಲ, ಇವು ಯಾವ ಪುಸ್ತಕಕ್ಕೂ ಬರುವುದಿಲ್ಲ. ಅಂಥವರು ನಮ್ಮ ಸದಸ್ಯರಲ್ಲಿಯೇ ಇದ್ದಾರೆ. ಅವರ ಹೆಸರು ನಾನು ಹೇಳಬೇಕಾಗಿಲ್ಲ, ತಾವೇ ಬಲ್ಲಿರಿ.

ಹಾಗಾದರೆ ಸೈಕಲ್ಲಿಗೆ ಬೇರೆ ದಾರಿ ಗೆರೆ ಎಳೆದುಬಿಟ್ಟರೆ ಸಾಕೇ? ಇದಕ್ಕೆ ಉತ್ತರ ನಮ್ಮ ನಾಡಿನ ರಾಜಧಾನಿಯಲ್ಲಿಯೇ ಇದೆ. ಬೆಂಗಳೂರಿನ ಜಯನಗರದಲ್ಲಿ 2012ರ ಸುಮಾರಿಗೆ ಸೈಕಲ್ ದಾರಿಗಳನ್ನು ಗುರುತಿಸಿದರು. ಅಗಲವಾದ ರಸ್ತೆಗಳು, ಮರಗಳ ನೆರಳು, ತಿಳಿದ ಜನ. ಹೀಗಿದ್ದೂ ಅವುಗಳ ಮೇಲೆ ಕಾರುಗಳು ನಿಂತವು, ಕೊನೆಗೆ ಬಣ್ಣವೂ ಅಳಿಸಿಹೋಯಿತು. 2020ರಲ್ಲಿ ಕೊರೋನಾ ಕಾಲದಲ್ಲಿ ಕೇಂದ್ರ ಸರ್ಕಾರ ಊರುಗಳು ಸೈಕಲ್ಲಿಗೆ ಅನುಕೂಲ ಮಾಡಿಕೊಡಲೆಂದು ಒಂದು ಸ್ಪರ್ಧೆ ನಡೆಸಿತು. ಅದೇ ಹೊತ್ತಿಗೆ ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಕಂಬಗಳನ್ನು ನೆಟ್ಟು ಸೈಕಲ್ ಪಟ್ಟಿಯೊಂದನ್ನು ಬೇರ್ಪಡಿಸಿದರು. ಮೋಟಾರ್ ಸೈಕಲ್ಲುಗಳು ಅದರೊಳಗೂ ನುಗ್ಗಿದವು. ಆಮೇಲೆ ಮೆಟ್ರೋ ಕೆಲಸ ಬಂದು ಆ ಪಟ್ಟಿಗೆ ಉಳಿಗಾಲವಾಗಲಿಲ್ಲ. ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದು ಹೆಸರಾಗಿದ್ದ ಪುಣೆಯಲ್ಲಿಯೂ ಇದೇ ಕಥೆ. ಕೇಂದ್ರದ ನಗರ ನವೀಕರಣ ಯೋಜನೆಯ ಹಣದಿಂದ ಅಲ್ಲಿ ಉದ್ದುದ್ದ ದಾರಿಗಳನ್ನು ಮಾಡಿದರು. ಅವುಗಳ ನಡುವೆ ಕಂಬ, ಅಂಗಡಿ, ನಿಂತ ಗಾಡಿಗಳು ಸೇರಿಕೊಂಡು ದಾರಿ ತುಂಡುತುಂಡಾಯಿತು.

ಇದರಿಂದ ನಾವು ಕಲಿಯಬೇಕಾದ ಪಾಠ ಒಂದೇ. ಬಣ್ಣ ಬಳಿದ ಮಾತ್ರಕ್ಕೆ ದಾರಿ ಆಗುವುದಿಲ್ಲ. ಖಾಲಿ ಉಳಿಸಿಕೊಂಡದ್ದು ದಾರಿ.

ಖಾಲಿ ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ನಾವು ಕೆಲಸ ಮಾಡುವ ಜಾಗಗಳಲ್ಲಿಯೇ ನೋಡಬಹುದು. ಗಿರಣಿಯಲ್ಲಿ, ಗೋದಾಮಿನಲ್ಲಿ ನೆಲದ ಮೇಲೆ ಎರಡು ಹಳದಿ ಗೆರೆ ಎಳೆದಿರುತ್ತಾರೆ. ಆ ಗೆರೆಗಳ ನಡುವೆ ಜನ ಓಡಾಡಬೇಕು, ಮೂಟೆ ಇಡಬಾರದು. ಓಡಾಟದ ದಾರಿಯಲ್ಲಿ ಅಡ್ಡಿ ಇರಬಾರದೆಂದು 1948ರ ಕಾರ್ಖಾನೆ ಕಾಯಿದೆಯಲ್ಲಿ ಬರವಣಿಗೆಯಲ್ಲೇ ಇತ್ತು. ಮಾಲು ಎಷ್ಟೇ ಬಂದಿರಲಿ, ಲಾರಿ ಎಷ್ಟೇ ಕಾದಿರಲಿ, ಅಲ್ಲಿ ಮೂಟೆ ಬೀಳುವುದಿಲ್ಲ. ಹಮಾಲರು ನಗರದ ಜನಕ್ಕಿಂತ ಹೆಚ್ಚು ಓದಿದವರೆಂದೇ? ಅಲ್ಲ. ಮೂಟೆ ಬಿದ್ದರೆ ಯಾರನ್ನು ಕೇಳಬೇಕೆಂಬುದು ಎಲ್ಲರಿಗೂ ಗೊತ್ತಿದೆ, ಅಷ್ಟೇ. ಆ ಪಾಳಿಯ ಮೇಸ್ತ್ರಿಯನ್ನು ಕೇಳುತ್ತಾರೆ. ಅವನೇ ಜವಾಬ್ದಾರ. ಅದರ ಜೊತೆಗೆ ಇನ್ನೊಂದು ಮಾತನ್ನು ಮರೆಯಬಾರದು. ಮೂಟೆ ಇಡಲು ಬೇರೆ ಜಾಗವನ್ನೂ ಗುರುತು ಮಾಡಿರುತ್ತಾರೆ. ಈ ಎರಡೂ ಕೂಡಿದಾಗ ದಾರಿ ಖಾಲಿ ಉಳಿಯುತ್ತದೆ. ಜಾಗ ಕೊಡದೆ ಬರೀ ಬೈದರೆ ಉಳಿಯದು, ಕೇಳುವವರಿಲ್ಲದೆ ಬರೀ ಗೆರೆ ಎಳೆದರೂ ಉಳಿಯದು.

ಬೀದಿಯಲ್ಲಿ ಕೇಳುವವರು ಯಾರು? ಗಾಡಿ ನಿಂತರೆ ಸಂಚಾರ ಪೊಲೀಸರು, ಮರಳು ಬಿದ್ದರೆ ನಗರಸಭೆ, ಗುಂಡಿ ಅಗೆದರೆ ನೀರಿನವರು ಅಥವಾ ಕೇಬಲ್ಲಿನವರು, ಜಾಲರಿ ಕೆಟ್ಟರೆ ಮತ್ತೊಂದು ಇಲಾಖೆ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಸೇರಿದ್ದು ಯಾರಿಗೂ ಪೂರ್ತಿ ಸೇರಿದ್ದಲ್ಲ. ಅಂಚಿನ ಮೂರಡಿಗೆ ಮೇಸ್ತ್ರಿ ಇಲ್ಲ.

ಕಾನೂನಿಗೆ ಮಾತ್ರ ಕೊರತೆಯಿಲ್ಲ. ಫುಟ್‌ಪಾತು, ಸೈಕಲ್ ದಾರಿಗಳ ಮೇಲೆ ಗಾಡಿ ಓಡಿಸಬಾರದೆಂದು 1989ರ ರಸ್ತೆ ನಿಯಮಗಳಲ್ಲಿಯೇ ಇತ್ತು. ಅವುಗಳ ಬದಲಿಗೆ 2017ರಲ್ಲಿ ಬಂದ ಚಾಲನಾ ನಿಬಂಧನೆಗಳು ಅಲ್ಲಿ ಗಾಡಿ ನಿಲ್ಲಿಸಬಾರದೆಂದೂ ಸ್ಪಷ್ಟವಾಗಿ ಹೇಳಿದವು. ಓಡಾಟಕ್ಕೆ ಅಡ್ಡಿಯಾಗುವಂತೆ ಗಾಡಿ ನಿಲ್ಲಿಸಿದರೆ 500 ರೂಪಾಯಿಯ ವರೆಗೆ ದಂಡವೆಂದು ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾಯಿತು. ಹಿಂದೆ ಅದು ಗಂಟೆಗೆ 50 ರೂಪಾಯಿ ಇತ್ತು. ಸಾರ್ವಜನಿಕ ದಾರಿಗೆ ಅಡ್ಡಿ ಮಾಡುವವರಿಗೆ ಹಳೆಯ ದಂಡ ಸಂಹಿತೆಯಲ್ಲಿ 200 ರೂಪಾಯಿ ದಂಡವಿತ್ತು. 2024ರ ಜುಲೈ ಒಂದರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 5,000 ರೂಪಾಯಿಯ ವರೆಗೆ ಏರಿದೆ. ಇದು ಗಾಡಿಗಳಿಗೆ ಮಾತ್ರವಲ್ಲ, ಜಲ್ಲಿ ಸುರಿಯುವವರಿಗೂ ಅನ್ವಯಿಸುತ್ತದೆ. ಕಟ್ಟಡದ ಕಸ ಓಡಾಟಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳುವುದು ಕಟ್ಟಿಸುವವರ ಹೊಣೆಯೆಂದು 2016ರ ನಿಯಮಗಳು ಹೇಳಿದ್ದವು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅಡ್ಡಿಯಿಲ್ಲದ ಫುಟ್‌ಪಾತು ಪಾದಚಾರಿಯ ಜೀವಿಸುವ ಹಕ್ಕಿಗೇ ಸೇರಿದ್ದು ಎಂದಿತು. ಪಾದಚಾರಿಗೆ ಹೇಳಿದ ಆ ಮಾತಿನ ನ್ಯಾಯ ಸೈಕಲ್ ಸವಾರನಿಗೂ ಸಲ್ಲುತ್ತದೆಂದು ನಾವು ಕೇಳಬಹುದು. ಅವನೂ ದಿನದ ಅರ್ಧಭಾಗ ಪಾದಚಾರಿಯೇ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಅಂಚಿನಲ್ಲಿ ನಿಂತವರೆಲ್ಲ ನಮ್ಮ ಶತ್ರುಗಳೆಂದು ಭಾವಿಸಬಾರದು. ಬೆಳಗ್ಗೆ ಇಡ್ಲಿ ಬಂಡಿ, ಸಂಜೆ ಮಿರ್ಚಿ ಬಜ್ಜಿಯ ಬಂಡಿ ಇಡುವವರಲ್ಲಿ ನಮ್ಮ ಊರಿನವರೇ ಇದ್ದಾರೆ. ಅವರ ಬಂಡಿಯ ಮುಂದೆ ನಿಂತು ತಿಂದು ಕೆಲಸಕ್ಕೆ ಹೋಗುವವರೂ ನಾವೇ. ಬಾಡಿಗೆ ಕಾರಿನವನು ಸಾಲದ ಕಂತು ಕಟ್ಟಲು ಹದಿನಾಲ್ಕು ಗಂಟೆ ದುಡಿಯುತ್ತಾನೆ, ಅವನಿಗೆ ನಿಲ್ಲಲು ಒಂದು ಸ್ಟ್ಯಾಂಡು ಇಲ್ಲ. ಊಟ ತಲುಪಿಸುವ ಹುಡುಗನಿಗೆ ನಿಮಿಷದ ಲೆಕ್ಕ. ಸೈಕಲ್ ದಾರಿ ತೆರವು ಮಾಡುತ್ತೇವೆಂದು ಲಾರಿ ಬಂದಾಗ ಮೊದಲು ಮೇಲೆತ್ತುವುದು ಬಂಡಿಯನ್ನು, ಕಾರನ್ನಲ್ಲ ಎಂಬುದನ್ನು ನಾವೆಲ್ಲ ನೋಡಿದ್ದೇವೆ. ಬಂಡಿಯವರಿಗೆ 2014ರಲ್ಲಿ ಒಂದು ಕಾಯಿದೆಯಾಗಿದೆ. ಬೀದಿ ವ್ಯಾಪಾರಿಗಳನ್ನು ಎಣಿಸಬೇಕು, ಪ್ರಮಾಣಪತ್ರ ಕೊಡಬೇಕು, ವ್ಯಾಪಾರದ ಜಾಗ ಗುರುತಿಸಬೇಕು, ಅದಕ್ಕಾಗಿ ಇರುವ ಊರ ಸಮಿತಿಯಲ್ಲಿ ನೂರಕ್ಕೆ 40 ಜನವಾದರೂ ವ್ಯಾಪಾರಿಗಳೇ ಇರಬೇಕು ಎಂದು ಅದು ಹೇಳುತ್ತದೆ. ಆದ್ದರಿಂದ ನಮ್ಮ ಬೇಡಿಕೆ ಎರಡು ಕಾಲಿನ ಮೇಲೆ ನಿಲ್ಲಬೇಕು. ಬಂಡಿಗೆ, ಬಾಡಿಗೆ ಕಾರಿಗೆ, ಊಟದ ಹುಡುಗರಿಗೆ ನಿಲ್ಲಲು ಗುರುತಾದ ಜಾಗ ಬೇಕು. ಅದು ಸಿಕ್ಕ ಮೇಲೆ ಅಂಚು ಖಾಲಿ ಇರಬೇಕು. ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಸೈಕಲ್ಲು ನಿಲ್ಲಿಸಬಹುದು. ಜಾಗ ಇಲ್ಲವೆನ್ನುವವರು ಈ ಲೆಕ್ಕವನ್ನೂ ನೋಡಲಿ.

ಇದೆಲ್ಲ ಶ್ರೀಮಂತ ದೇಶಗಳಲ್ಲಿ ನಡೆಯುವ ಮಾತು ಎಂದು ಒಬ್ಬರು ಮಿತ್ರರು ಹೇಳಿದರು. ಸೈಕಲ್ಲಿಗೆ ಹೆಸರಾದ ಹಾಲೆಂಡಿನಲ್ಲಿಯೂ ಎರಡನೆಯ ಮಹಾಯುದ್ಧದ ನಂತರ ರಸ್ತೆಗಳನ್ನೆಲ್ಲ ಕಾರಿಗೆ ಬಿಟ್ಟುಕೊಟ್ಟಿದ್ದರು. 1971ನೇ ಇಸವಿ ಒಂದರಲ್ಲೇ ಅಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಕೊಲೆ ನಿಲ್ಲಿಸಿ ಎಂದು ತಂದೆತಾಯಿಗಳು ಬೀದಿಗಿಳಿದರು. 1973ರಲ್ಲಿ ಪೆಟ್ರೋಲಿನ ಅಭಾವ ಬಂದಾಗ ಸರ್ಕಾರ ಭಾನುವಾರಗಳಂದು ಕಾರು ಓಡಿಸುವುದನ್ನೇ ನಿಲ್ಲಿಸಿತು. ಖಾಲಿ ರಸ್ತೆ ಹೇಗಿರುತ್ತದೆಂಬುದನ್ನು ಜನ ಕಂಡರು. ಅಲ್ಲಿಂದ ಮೊದಲಾಗಿ ವರ್ಷ ವರ್ಷವೂ ಕೇಳಿ ಕೇಳಿ ಪಡೆದುಕೊಂಡದ್ದು ಅವರ ಇಂದಿನ ದಾರಿ. ಅದು ಹುಟ್ಟಿನಿಂದ ಬಂದ ಭಾಗ್ಯವಲ್ಲ.

ಈಗ ನಾವು ಮಾಡಬಹುದಾದ್ದನ್ನು ಹೇಳಿ ಮುಗಿಸುತ್ತೇನೆ. ಬಡವನ ಕೋಪ ದವಡೆಗೆ ಮೂಲ ಎಂದು ಹಿರಿಯರು ಹೇಳಿದ್ದಾರೆ. ಕಾರಿನ ಕನ್ನಡಿ ಮುರಿಯುವುದು, ಗಾಳಿ ಬಿಡುವುದು, ಮಾಲೀಕನೊಡನೆ ಜಗಳ, ಇವು ನಮ್ಮ ದಾರಿಯಲ್ಲ. ಕೆಲಸ ಹೋಗುವುದು ನಮ್ಮದೇ.

ಮೊದಲನೆಯದು ದಾಖಲೆ. ವಾಚನಾಲಯದ ಮೇಜಿನ ಮೇಲೆ, ಪತ್ರಿಕೆಗಳ ಪಕ್ಕದಲ್ಲಿ, ಒಂದು ರೂಲು ಹಾಕಿದ ಪುಸ್ತಕವನ್ನು ಇಡಲು ಅಧ್ಯಕ್ಷರು ಒಪ್ಪಿದ್ದಾರೆ. ಅದರಲ್ಲಿ ಐದು ಕಲಮುಗಳಿರುತ್ತವೆ. ತಾರೀಖು, ಗಂಟೆ, ಜಾಗ, ಅಡ್ಡಿ ಯಾವುದು, ಎಷ್ಟು ದಿನದಿಂದ. ಬರೆಯಲು ಬಾರದವರು ಹೇಳಿದರೆ ಸಾಕು, ಸಂಜೆ ಏಳರಿಂದ ನಾನೋ ಮತ್ತೊಬ್ಬ ಸ್ವಯಂಸೇವಕರೋ ಬರೆದುಕೊಳ್ಳುತ್ತೇವೆ. ಬಂಡಿಯವರ ಹೆಸರು ಬರೆಯುವುದು ಬೇಡ. ಜಾಗ ಇಲ್ಲದ್ದೇ ಕಾರಣವಾಗಿದ್ದರೆ ಆ ಮಾತನ್ನೂ ಬರೆಯೋಣ. ಮೂರು ತಿಂಗಳಾದ ಮೇಲೆ ಲೆಕ್ಕ ತೆಗೆದರೆ ಯಾವ ತಿರುವಿನಲ್ಲಿ, ಯಾವ ಹೊತ್ತಿನಲ್ಲಿ, ಯಾವುದು ಹೆಚ್ಚೆಂಬುದು ತಾನೇ ಕಾಣುತ್ತದೆ. ಒಬ್ಬ ಸವಾರ ಠಾಣೆಗೆ ಹೋಗಿ ದಾರಿಯೇ ಇಲ್ಲ ಸಾರ್ ಎಂದರೆ ನಕ್ಕು ಕಳಿಸುತ್ತಾರೆ. ಇನ್ನೂರು ಸಾಲುಗಳ ಪಟ್ಟಿಯನ್ನು ಸಂಘದ ಮೊಹರಿನೊಡನೆ ಕೊಟ್ಟು, ನಕಲಿನ ಮೇಲೆ ಸ್ವೀಕೃತಿಯ ರುಜು ಪಡೆದರೆ ಅದಕ್ಕೆ ಉತ್ತರ ಬರೆಯಬೇಕಾಗುತ್ತದೆ. ಹನಿಗೂಡಿದರೆ ಹಳ್ಳ.

ಎರಡನೆಯದು ಬೇಡಿಕೆ. ಅರ್ಜಿಯಲ್ಲಿ ಇಡೀ ಮಾದಾಪುರವನ್ನು ಸರಿಪಡಿಸಿ ಎಂದು ಬರೆದರೆ ಏನೂ ಆಗದು. ಪಾಳಿ ಬದಲಾಗುವ ಎರಡು ಹೊತ್ತಿನಲ್ಲಿ, ಪಟ್ಟಿಯಲ್ಲಿ ಮೊದಲು ಬಂದ ಒಂದು ಮೈಲಿ ರಸ್ತೆಯಲ್ಲಿ, ಎಡ ಅಂಚನ್ನು ಖಾಲಿ ಇಡಿಸಿ ಎಂದು ಕೇಳೋಣ. ಜಾಲರಿಗಳನ್ನು ಅಡ್ಡಕ್ಕೆ ತಿರುಗಿಸಿ ಕೂರಿಸಿ ಎಂದು ಕೇಳೋಣ, ಅದಕ್ಕೆ ದೊಡ್ಡ ಖರ್ಚಿಲ್ಲ. ಆ ಒಂದು ಮೈಲಿಗೆ ಯಾವ ಅಧಿಕಾರಿ ಜವಾಬ್ದಾರರೆಂಬುದನ್ನು ಬರೆದು ತಿಳಿಸಿ ಎಂದು ಕೇಳೋಣ. ಮೇಸ್ತ್ರಿ ಯಾರೆಂದು ತಿಳಿದರೆ ಅರ್ಧ ಕೆಲಸ ಆದಂತೆ.

ಮೂರನೆಯದು ಅಪಘಾತವಾದರೆ ಏನು ಮಾಡಬೇಕೆಂಬುದು. ಇದನ್ನು ದಯಮಾಡಿ ಮನಸ್ಸಿನಲ್ಲಿಟ್ಟುಕೊಳ್ಳಿ. 112ಕ್ಕೆ ಫೋನು ಮಾಡಿ. ಮೋಟಾರು ಗಾಡಿಯಿಂದಾದ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳ ವರೆಗೆ, ಒಂದೂವರೆ ಲಕ್ಷ ರೂಪಾಯಿ ಮೀರದಂತೆ, ಕೈಯಿಂದ ಹಣ ಕಟ್ಟದೆ ಚಿಕಿತ್ಸೆ ಕೊಡುವ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ. ಗುದ್ದಿದ ಗಾಡಿ ಓಡಿಹೋಗಿ ಪತ್ತೆಯಾಗದಿದ್ದರೂ, 2022ರ ಯೋಜನೆಯಂತೆ ಸತ್ತವರ ಮನೆಯವರಿಗೆ ಎರಡು ಲಕ್ಷ, ತೀವ್ರ ಗಾಯವಾದವರಿಗೆ ಐವತ್ತು ಸಾವಿರ ರೂಪಾಯಿ ಪರಿಹಾರವಿದೆ. ಇನ್ನೊಂದು ಮಾತು ಹಲವರಿಗೆ ತಿಳಿದಿಲ್ಲ. ಗಾಡಿ ನಿಂತೇ ಇತ್ತು, ಆದ್ದರಿಂದ ಅದಕ್ಕೆ ಸಂಬಂಧವಿಲ್ಲ ಎಂದು ಹೇಳಿ ಕಳಿಸಿಬಿಡುವವರಿದ್ದಾರೆ. ರಸ್ತೆಯ ಪಕ್ಕಕ್ಕೆ ಉರುಳಿಬಿದ್ದಿದ್ದ ಒಂದು ಪೆಟ್ರೋಲ್ ಟ್ಯಾಂಕರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1991ರಲ್ಲಿಯೇ ತೀರ್ಪು ಕೊಟ್ಟು, ಗಾಡಿ ಓಡದೆ ನಿಂತಿರುವುದೂ ಅದರ ಬಳಕೆಯೇ ಎಂದು ಹೇಳಿದೆ. ಆದ್ದರಿಂದ ನಿಂತ ಗಾಡಿಯ ಕಾರಣದಿಂದ ಬಿದ್ದರೂ ಅದರ ನಂಬರನ್ನು ಬರೆದುಕೊಳ್ಳಿ, ಅದು ನಿಂತಿದ್ದ ಜಾಗ ಕಾಣುವ ಹಾಗೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ, ಠಾಣೆಯಲ್ಲಿ ದೂರು ಕೊಡಿ, ತಡಮಾಡದೆ ವಕೀಲರನ್ನು ಕಾಣಿ. ಅರ್ಜಿ ಬರೆಯುವುದಕ್ಕೆ ವಾಚನಾಲಯದಲ್ಲಿ ಸಹಾಯ ಸಿಗುತ್ತದೆ.

ನಾಲ್ಕನೆಯದು ನಮ್ಮ ನಡತೆ. ಪರರನ್ನು ಕೇಳುವ ಮುಂಚೆ ನಮ್ಮ ಕೈ ಶುದ್ಧವಿರಬೇಕು. ಈ ವಾಚನಾಲಯದ ಮುಂದೆ ನಮ್ಮ ಸೈಕಲ್ಲುಗಳು ಫುಟ್‌ಪಾತಿನ ಅರ್ಧಕ್ಕೂ ಬರುತ್ತವೆ. ಮುಂದಿನ ವಾರದಿಂದ ಗೋಡೆಯ ಬದಿಗೆ ಸಾಲಾಗಿ ನಿಲ್ಲಿಸೋಣ. ದೂರ ಉಳಿಯುತ್ತದೆಂದು ಎದುರು ದಿಕ್ಕಿನಲ್ಲಿ ತುಳಿಯುವುದು ಬೇಡ. ರಾತ್ರಿ ಪಾಳಿಯವರು ಹಿಂದಿನ ಚಕ್ರದ ಮಡ್‌ಗಾರ್ಡಿಗೆ ಕೆಂಪು ದೀಪವನ್ನೋ ಹೊಳೆಯುವ ಬಿಲ್ಲೆಯನ್ನೋ ಹಾಕಿಕೊಳ್ಳಲಿ. ಹಿಂದಿನ ಕಾಲದಲ್ಲಿ ಪುರಸಭೆಯವರು ಸೈಕಲ್ಲಿಗೆ ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದರು, ದೀಪವಿಲ್ಲದವನನ್ನು ಪೋಲೀಸಿನವರು ಹಿಡಿದು ನಿಲ್ಲಿಸುತ್ತಿದ್ದರು. ಈಗ ಹಿಡಿಯುವವರಿಲ್ಲ, ದೀಪದ ಅಗತ್ಯ ಮಾತ್ರ ಹಿಂದಿಗಿಂತ ಹೆಚ್ಚು. ನಿಂತ ಕಾರನ್ನು ದಾಟುವಾಗ ಒಂದು ಬಾಗಿಲಿನಷ್ಟು ದೂರ ಬಿಟ್ಟು, ಹಿಂದೆ ನೋಡಿ, ಕೈ ತೋರಿಸಿ ಹೊರಗೆ ಸರಿಯಿರಿ. ಹಿಂದೆ ಗಾಡಿ ಇದ್ದರೆ ಕಾಲೂರಿ ನಿಂತುಬಿಡಿ. ಹಾಜರಿ ಪುಸ್ತಕದಲ್ಲಿ ಐದು ನಿಮಿಷ ತಡವಾದರೆ ಆಗಲಿ.

ಬಂಧುಗಳೇ, ನಾವು ಕೇಳುತ್ತಿರುವುದು ರಸ್ತೆಯ ನಡುಭಾಗವನ್ನಲ್ಲ. ಸೇತುವೆ ಬೇಡ, ಚಾವಣಿ ಬೇಡ. ಈಗಾಗಲೇ ಇರುವ ರಸ್ತೆಯ ಎಡಗಡೆಯಲ್ಲಿ ಮೂರಡಿ, ಅದು ಖಾಲಿಯಿರಬೇಕು, ಅದನ್ನು ಖಾಲಿಯಿಡುವುದು ಯಾರ ಹೊಣೆಯೆಂದು ಗೊತ್ತಿರಬೇಕು. ಪುಸ್ತಕ ಮೇಜಿನ ಮೇಲಿದೆ. ಇವತ್ತು ಬರುವ ದಾರಿಯಲ್ಲಿ ಅಡ್ಡಿಯನ್ನು ಕಂಡವರು ಹೋಗುವ ಮೊದಲು ಒಂದು ಸಾಲು ಬರೆಸಿ ಹೋಗಬೇಕೆಂದು ಪ್ರಾರ್ಥಿಸುತ್ತೇನೆ.